ಮನೆಯಲ್ಲೇ ಬದಲಾಯಿಸಿದ ವೀಲ್ ಬೇರಿಂಗ್ 3,000 ಕಿ.ಮೀ.ಗೇ ಸದ್ದು ಮಾಡುತ್ತಿದೆ: ತಪ್ಪಿದ್ದೆಲ್ಲಿ?

ಹಳೇಬಂಡಿ:

ಎಲ್ಲರಿಗೂ ನಮಸ್ಕಾರ. ನನ್ನದು 19 ವರ್ಷ ಹಳೆಯದಾದ, 1,60,000 ಕಿ.ಮೀ. ಓಡಿರುವ ಫ್ರಂಟ್ ವೀಲ್ ಡ್ರೈವ್ ಕಾರು. ಕೆಲವು ತಿಂಗಳ ಹಿಂದೆ, ಗಂಟೆಗೆ 50 ಕಿ.ಮೀ. ವೇಗ ದಾಟಿದೊಡನೆ ಗುಂಯ್ ಎಂಬ ಸದ್ದು ಶುರುವಾಗಿ, ವೇಗ ಏರಿದಂತೆಲ್ಲ ತಾನೂ ಏರತೊಡಗಿತು. ಓಡುತ್ತಿರುವಾಗಲೇ ಗೇರನ್ನು ನ್ಯೂಟ್ರಲ್‌ಗೆ ತಂದರೂ ಅದು ತಗ್ಗಲಿಲ್ಲವಾದ್ದರಿಂದ ಎಂಜಿನ್ನಿನದಲ್ಲ ಎಂಬುದು ಖಚಿತವಾಯಿತು. ಎಡಕ್ಕೆ ಬಾಗುವ ಉದ್ದನೆಯ ತಿರುವುಗಳಲ್ಲಿ ಸದ್ದು ಜೋರಾಗುತ್ತಿತ್ತು, ಬಲ ತಿರುವಿನಲ್ಲಿ ಬಹುಮಟ್ಟಿಗೆ ಅಡಗುತ್ತಿತ್ತು. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಬದಿಯ ಚಕ್ರಗಳ ಮೇಲೆ ವಾಲುವುದರಿಂದ, ಮುಂದಿನ ಬಲ ಚಕ್ರದ ಬೇರಿಂಗ್ (ಎರಡು ಉಂಗುರಗಳ ನಡುವೆ ಗುಂಡುಗಳು ಉರುಳಿ ಚಕ್ರ ಸರಾಗವಾಗಿ ಸುತ್ತುವಂತೆ ಮಾಡುವ ಭಾಗ) ಸವೆದಿದೆ ಎಂದು ತೀರ್ಮಾನಿಸಿ ಮನೆಯಲ್ಲೇ ಬದಲಾಯಿಸಿದೆ.

ಈ ಕಾರಿನಲ್ಲಿ ಬೇರಿಂಗ್ ಅನ್ನು ನಕಲ್‌ನೊಳಗೆ (ಚಕ್ರವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಲೋಹದ ಭಾಗ) ಒತ್ತಿ ಕೂರಿಸಿ, ಅದು ಜಾರದಂತೆ ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಬಳೆ ಹಾಕಿರುತ್ತಾರೆ; ಚಕ್ರವನ್ನು ಹೊರುವ ಹಬ್ ಆ ಬೇರಿಂಗಿನೊಳಗೆ ಬಿಗಿಯಾಗಿ ಹೋಗುತ್ತದೆ. ಹಬ್ ಕಳಚಿದಾಗ ಹಳೆಯ ಬೇರಿಂಗಿನ ಒಳ ಉಂಗುರದ ಅರ್ಧ ಹಬ್‌ಗೇ ಕಚ್ಚಿಕೊಂಡು ಬಂತು. ಅದನ್ನು ಗ್ರೈಂಡರ್‌ನಿಂದ ಸೀಳಿ, ಚಾಣ ಕೊಟ್ಟು ತೆಗೆದೆ. ನನ್ನ ಬಳಿ ಹೈಡ್ರಾಲಿಕ್ ಪ್ರೆಸ್ ಇಲ್ಲದ ಕಾರಣ ದಪ್ಪನೆಯ ಥ್ರೆಡ್ ರಾಡ್, ಎರಡು ನಟ್ ಮತ್ತು ದಪ್ಪ ವಾಷರ್‌ಗಳನ್ನು ಬಳಸಿದೆ. ಹೊಸ ಬೇರಿಂಗನ್ನು ನಕಲ್‌ಗೆ ಎಳೆದು ಕೂರಿಸುವಾಗ ಹಳೆಯ ಬೇರಿಂಗಿನ ಹೊರ ಉಂಗುರವನ್ನೇ ಒತ್ತುಗೆಗೆ ಇಟ್ಟುಕೊಂಡೆ. ಆಮೇಲೆ ಅದೇ ರಾಡಿನಿಂದ ಹಬ್ ಅನ್ನು ಬೇರಿಂಗಿನೊಳಗೆ ಎಳೆದೆ. ಆಗ ಹಿಂಬದಿಯ ವಾಷರ್ ನಕಲ್‌ನ ಮೈಮೇಲೆ ಕುಳಿತಿತ್ತು. ಆಕ್ಸಲ್ ನಟ್ (ಹಬ್‌ನ ನಡುವೆ ಆಕ್ಸಲಿನ ತುದಿಗೆ ಹಾಕುವ ದೊಡ್ಡ ನಟ್) ಬಿಗಿಸುವಾಗ ಚಕ್ರ ಸುತ್ತುತ್ತಿದ್ದುದರಿಂದ, ನಟ್ ಅನ್ನು ಕೈಬಿಗಿ ಮಾಡಿ ಕಾರನ್ನು ನೆಲಕ್ಕಿಳಿಸಿದೆ. ಬಳಿಕ ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಅಂದಾಜಿನಲ್ಲಿ ಬಿಗಿಸಿದೆ.

ಮೊದಲ ಸಾವಿರ ಕಿಲೋಮೀಟರು ಕಾರು ನಿಶ್ಶಬ್ದವಾಗಿ ಓಡಿತು. ಈಗ 3,000 ಆಗುತ್ತಿದ್ದಂತೆ ಅದೇ ಸದ್ದು ಸಣ್ಣಗೆ ಮರಳಿದೆ. ಬೇರಿಂಗ್ ಹೆಸರುವಾಸಿ ಕಂಪನಿಯದೇ ಆಗಿತ್ತು. ಮತ್ತೊಂದು ತಂದು ಹಾಕುವ ಮೊದಲು, ನಾನು ತಪ್ಪಿದ್ದು ಎಲ್ಲಿ ಎಂಬುದು ತಿಳಿಯಬೇಕು.

ಕಿವಿಗೊಡು:

ಬಿಚ್ಚುವ ಮೊದಲು ಒಂದು ಮಾತು. ಸದ್ದು ಬೇರಿಂಗಿನದೇ ಎಂದು ಈ ಬಾರಿಯೂ ನೀವು ಹೊಸದಾಗಿ ಪರೀಕ್ಷಿಸಬೇಕು. ಅಲೆಅಲೆಯಾಗಿ ಸವೆದ ಟೈರು ಮಾಡುವ ಸದ್ದು ಬೇರಿಂಗಿನ ಸದ್ದನ್ನು ಎಷ್ಟು ಹೋಲುತ್ತದೆಯೆಂದರೆ, ಅನುಭವಸ್ಥರೂ ಮೋಸಹೋಗುತ್ತಾರೆ. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿ ನೋಡಿ. ಸದ್ದು ಟೈರಿನ ಜೊತೆ ಹಿಂದಕ್ಕೆ ಹೋದರೆ ನಿಮ್ಮ ಬೇರಿಂಗ್ ನಿರ್ದೋಷಿ.

ಆಮೇಲೆ ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಒಂದು ಅಂಗೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಸುರುಳಿಯ ಮೇಲಿರಿಸಿ ಇನ್ನೊಂದು ಕೈಯಿಂದ ಚಕ್ರವನ್ನು ತಿರುಗಿಸಿ. ಕಿವಿಗೆ ಏನೂ ಕೇಳದಿದ್ದರೂ, ಕೆಟ್ಟ ಬೇರಿಂಗಿನ ಗರಗರ ಸ್ಪ್ರಿಂಗಿನ ಮೂಲಕ ಬೆರಳಿಗೆ ತಿಳಿಯುತ್ತದೆ. ಎಡ ಚಕ್ರವನ್ನೂ ಹೀಗೆಯೇ ನೋಡಿ ಹೋಲಿಸಿ, ಏಕೆಂದರೆ ಸದ್ದು ಕಾರಿನ ತಗಡಿನ ಉದ್ದಕ್ಕೂ ಹರಿಯುವುದರಿಂದ ಒಳಗೆ ಕುಳಿತವರಿಗೆ ಎಡಬಲ ಗೊತ್ತಾಗುವುದಿಲ್ಲ. ಕೊನೆಗೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಾಟ ಕಂಡುಬಂದರೆ ಮತ್ತೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ: ಆಗ ಅದು ನಿಂತರೆ ತೊಂದರೆ ಬೇರಿಂಗಿನಲ್ಲಿದೆ, ನಿಲ್ಲದಿದ್ದರೆ ಬಾಲ್ ಜಾಯಿಂಟಿನ (ನಕಲ್ ಅನ್ನು ಸಸ್ಪೆನ್ಷನ್ನಿನ ತೋಳಿಗೆ ಸೇರಿಸುವ ಕೀಲು) ಕಡೆ ನೋಡಬೇಕು.

ಪ್ರೆಸ್‌ಮೇಜು:

ಮೇಲಿನವರು ಹೇಳಿದ ಪರೀಕ್ಷೆಗಳನ್ನು ಮೊದಲು ಮಾಡಿ. ಆದರೆ ನಿಮ್ಮ ವಿವರಣೆ ಓದಿದಾಗ ನನಗೆ ಎರಡು ತಪ್ಪುಗಳು ಕಂಡವು. ಬೇರಿಂಗ್ ಬಿಚ್ಚಿದಾಗ ಅವೆರಡರಲ್ಲಿ ಯಾವುದು ಅದನ್ನು ಕೆಡಿಸಿತು ಎಂಬುದನ್ನು ನೀವೇ ಕಣ್ಣಾರೆ ನೋಡಬಹುದು.

ಮೊದಲನೆಯದು ಹಬ್ ಎಳೆದ ಬಗೆ. ಯಾವ ಉಂಗುರ ಬಿಗಿಯಾಗಿ ಕೂರಬೇಕೋ ಒತ್ತಡ ಆ ಉಂಗುರದ ಮೇಲೆಯೇ ಬೀಳಬೇಕು. ಗುಂಡುಗಳ ಮೂಲಕ ಎಂದಿಗೂ ಹಾಯಬಾರದು. ಬೇರಿಂಗನ್ನು ನಕಲ್‌ಗೆ ಕೂರಿಸುವಾಗ ನೀವು ಹೊರ ಉಂಗುರವನ್ನು ಒತ್ತಿದ್ದು ಸರಿಯಾಗಿಯೇ ಇದೆ. ಹಬ್ ಒಳಸೇರುವಾಗ ಬಿಗಿ ಇರುವುದು ಒಳ ಉಂಗುರಕ್ಕೆ. ಹಾಗಾಗಿ ಹಿಂಬದಿಯಲ್ಲಿ ಒಳ ಉಂಗುರದಷ್ಟೇ ಅಗಲದ ಒಂದು ಕೊಳವೆಯ ತುಂಡನ್ನೋ ದೊಡ್ಡ ಸಾಕೆಟ್ಟನ್ನೋ ಆನಿಕೆಯಾಗಿ ಇಡಬೇಕಿತ್ತು. ನಿಮ್ಮ ವಾಷರ್ ನಕಲ್‌ನ ಮೇಲೆ ಕುಳಿತಿದ್ದರಿಂದ ಹಬ್ ಒಳ ಉಂಗುರವನ್ನು ಒಳಕ್ಕೆ ನೂಕಿದೆ, ನಕಲ್ ಹೊರ ಉಂಗುರವನ್ನು ತಡೆದು ಹಿಡಿದಿದೆ, ನಡುವೆ ಇದ್ದ ಗುಂಡುಗಳು ಟನ್ನುಗಟ್ಟಲೆ ಒತ್ತಡಕ್ಕೆ ಸಿಕ್ಕಿವೆ. ಗುಂಡುಗಳೂ ಗಟ್ಟಿ, ಉಂಗುರವೂ ಗಟ್ಟಿ. ಆದರೂ ಇಷ್ಟು ಒತ್ತಡ ಚುಕ್ಕೆಯಷ್ಟು ಜಾಗದಲ್ಲಿ ಬಿದ್ದಾಗ ಉಂಗುರದ ಮೇಲೆ ಗುಂಡುಗಳು ಉರುಳುವ ಓಟದ ಹಾದಿಯಲ್ಲಿ ಸಣ್ಣ ತಗ್ಗುಗಳು ಮೂಡುತ್ತವೆ. ಹೊಸದರಲ್ಲಿ ಅವು ಕಿವಿಗೆ ಬೀಳುವಷ್ಟು ಸದ್ದು ಮಾಡದಿರಬಹುದು. ಪ್ರತಿ ಸುತ್ತಿನಲ್ಲೂ ಗುಂಡುಗಳು ಆ ತಗ್ಗುಗಳ ಅಂಚನ್ನು ಬಡಿಯುತ್ತ ಹೋದಂತೆ ಉಕ್ಕು ಚಕ್ಕೆ ಏಳುತ್ತದೆ, ಆಮೇಲೆ ಸದ್ದು ಶುರುವಾಗುತ್ತದೆ. ನಿಮ್ಮ ಮೊದಲ ಸಾವಿರ ಕಿಲೋಮೀಟರಿನ ಮೌನಕ್ಕೆ ಇದೇ ಕಾರಣವಿರಬೇಕು ಎಂದು ನನ್ನ ಎಣಿಕೆ.

ಎರಡನೆಯದು ನಟ್ ಬಿಗಿಸುವ ಮೊದಲೇ ಕಾರನ್ನು ನೆಲಕ್ಕಿಳಿಸಿದ್ದು. ಈ ಬಗೆಯ ಬೇರಿಂಗಿನಲ್ಲಿ ಒಳ ಉಂಗುರ ಎರಡು ಅರ್ಧಗಳಾಗಿರುತ್ತದೆ. ಅವೆರಡನ್ನೂ ಒಂದಕ್ಕೊಂದು ಒತ್ತಿ ಹಿಡಿದಿರುವುದು ಆಕ್ಸಲ್ ನಟ್‌ನ ಬಿಗಿಯೇ. ಅದಿಲ್ಲದೆ ಕಾರಿನ ಭಾರ ಬಿದ್ದರೆ ಅರ್ಧಗಳು ತುಸು ಬೇರ್ಪಟ್ಟು, ತೂಕವೆಲ್ಲ ಕೆಲವೇ ಗುಂಡುಗಳ ಮೇಲೆ ಕೂರುತ್ತದೆ. ಆದ್ದರಿಂದಲೇ ಆ ನಟ್ ಸಡಿಲವಿರುವಾಗ ಕಾರನ್ನು ಒಂದಡಿಯೂ ಉರುಳಿಸಬಾರದು.

ಈಗ ಪತ್ತೆ ಹಚ್ಚುವ ಬಗೆ. ಹಬ್ ಹೊರಬಂದಾಗ ಚಕ್ರದ ಕಡೆಯ ಒಳ ಉಂಗುರ ಮತ್ತೆ ಹಬ್‌ನ ಜೊತೆಗೇ ಬರುವ ಸಂಭವ ಹೆಚ್ಚು. ಗ್ರೀಸನ್ನು ಒರೆಸಿ, ಬೆಳಕನ್ನು ಓರೆಯಾಗಿ ಹಿಡಿದು ಓಟದ ಹಾದಿಯನ್ನು ನೋಡಿ. ಗುರುತುಗಳು ಸುತ್ತಲೂ ಸಮ ಅಂತರದಲ್ಲಿ, ಓಟದ ಹಾದಿಯ ಒಂದೇ ಅಂಚಿನ ಕಡೆಗೆ ಇದ್ದರೆ ಅದು ಒತ್ತುವಾಗ ಆದ ಪೆಟ್ಟು. ಒಂದು ಭಾಗದಲ್ಲಿ ಮಾತ್ರ ಕೆಲವು ಗುರುತುಗಳಿದ್ದು ಉಳಿದ ಸುತ್ತು ನುಣುಪಾಗಿದ್ದರೆ, ಸಡಿಲ ನಟ್‌ನೊಂದಿಗೆ ಭಾರ ಬಿದ್ದದ್ದರ ಫಲ.

ಗ್ರೈಂಡರ್ ಬಳಸಿದೆ ಎಂದಿರಿ. ಹಬ್‌ನ ಕಂಠದ ಮೇಲೆ ಉಗುರಾಡಿಸಿ ನೋಡಿ. ಉಗುರಿಗೆ ತಡೆಯುವಂಥ ಗೀರು ಇದ್ದರೆ, ಎದ್ದ ಅಂಚು ಹೊಸ ಉಂಗುರವನ್ನು ಓರೆಯಾಗಿ ಕೂರಿಸುತ್ತದೆ. ಜೊತೆಗೆ ಆ ಗೀರು ಮುಂದೆ ಬಿರುಕಿಗೆ ಮೊದಲಾಗಬಹುದು. ಹಾಗಿದ್ದರೆ ಹಬ್ ಅನ್ನೂ ಬದಲಾಯಿಸಿ. ಮುಂದಿನ ಬಾರಿ ಉಂಗುರವನ್ನು ಮುಕ್ಕಾಲು ಆಳಕ್ಕೆ ಮಾತ್ರ ಕೊರೆದು ನಿಲ್ಲಿಸಿ, ಆ ಗೆರೆಗೆ ಚಾಣ ಇಟ್ಟು ಒಂದು ಏಟು ಹಾಕಿ. ಬೇರಿಂಗಿನ ಉಕ್ಕು ಪೆಡಸಾದದ್ದು, ಠಣ್ ಎಂದು ಸೀಳುತ್ತದೆ. ಅದೇ ಪೆಡಸುತನದಿಂದ ಚೂರುಗಳು ಸಿಡಿಯುವುದರಿಂದ, ಕನ್ನಡಕವಿಲ್ಲದೆ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ.

ಸಂಜೆಗೆಲಸ:

ನನ್ನ ಹಳೆಯ ಕಾರಿನ ಹಿಂದಿನ ಡ್ರಮ್ಮಿನಲ್ಲಿ ಗುಂಡುಗಳ ಬದಲು ಓರೆ ರೋಲರ್‌ಗಳ ಎರಡು ಬೇರಿಂಗುಗಳಿವೆ. ಆ ನಟ್ ಅನ್ನೂ ಹೀಗೆಯೇ ಭಾರೀ ಬಿಗಿಯಲ್ಲಿ ಬಿಗಿಸಬೇಕೆ?

ಪ್ರೆಸ್‌ಮೇಜು:

ಖಂಡಿತ ಬೇಡ, ಅದು ಬೇರೆಯದೇ ಪದ್ಧತಿ. ಓರೆ ರೋಲರ್ ಬೇರಿಂಗಿಗೆ ಹೆನ್ರಿ ಟಿಮ್‌ಕೆನ್ 1898ರಲ್ಲಿ ಪೇಟೆಂಟ್ ಪಡೆದದ್ದು ಕುದುರೆಗಾಡಿಗಳ ಕಾಲದಲ್ಲಿ. ಸವೆತವನ್ನು ನಟ್ ತಿರುಗಿಸಿ ಸರಿಪಡಿಸಿಕೊಳ್ಳಬಹುದಾದ ಆ ಗುಣವೇ ಅದನ್ನು ಇಷ್ಟು ವರ್ಷ ಉಳಿಸಿತು. ಡ್ರಮ್ಮನ್ನು ತಿರುಗಿಸುತ್ತಲೇ ನಟ್ ಅನ್ನು ಸಾಧಾರಣ ಬಿಗಿಗೆ ತನ್ನಿ, ರೋಲರ್‌ಗಳು ತಮ್ಮ ಜಾಗಕ್ಕೆ ಕೂರುತ್ತವೆ. ಬಳಿಕ ಪೂರ್ತಿ ಸಡಿಲಿಸಿ, ಬೆರಳಿನಿಂದ ಬಿಗಿಸಿ, ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿ. ಕಾರು ತಯಾರಕರು ಸಾಮಾನ್ಯವಾಗಿ ಕೇಳುವುದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ಅಲುಗಾಟವನ್ನು. ನಿಮ್ಮ ಕೈಪಿಡಿಯ ಅಂಕಿಯನ್ನೇ ಅನುಸರಿಸಿ. ಬಲವಾಗಿ ಬಿಗಿಸಿದರೆ ಬೇರಿಂಗ್ ಕಾದು ಗ್ರೀಸು ಕರಗಿ, ಸುಟ್ಟು ಹಿಡಿದುಕೊಳ್ಳುತ್ತದೆ. ರೋಲರ್ ಬದಲಾಯಿಸುವಾಗ ಡ್ರಮ್ಮಿನೊಳಗಿನ ಹಳೆಯ ಹೊರ ಉಂಗುರವನ್ನು (ಕಪ್) ಉಳಿಸಿಕೊಳ್ಳಬೇಡಿ, ಎರಡೂ ಜೋಡಿಯಾಗಿಯೇ ಬದಲಾಗಬೇಕು.

ತಂತಿತೊಡಕು:

ಹಳೇಬಂಡಿಯವರಿಗೆ, ಜೋಡಣೆಯ ಬಗ್ಗೆ ಕೆಲವು ವಿಷಯಗಳು. ನಿಮ್ಮ ಕಾರಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸುತ್ತದೆ ಜಾರುವುದನ್ನು ತಡೆಯುವ ವ್ಯವಸ್ಥೆ) ಇದ್ದು, ಬೇರಿಂಗಿನ ಸೀಲ್‌ನಲ್ಲೇ ಕಾಂತದ ಪಟ್ಟಿ ಇರುವ ಬಗೆಯದಾದರೆ, ಆ ಮುಖ ಚಕ್ರದ ವೇಗ ಅಳೆಯುವ ಸೆನ್ಸರಿನ ಕಡೆಗೇ ಬರಬೇಕು. ಎರಡು ಮುಖಗಳೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ. ಸಣ್ಣ ಪೇಪರ್ ಕ್ಲಿಪ್ ತಾಗಿಸಿದರೆ ಕಾಂತದ ಮುಖ ಅದನ್ನು ಮೆಲ್ಲಗೆ ಸೆಳೆಯುತ್ತದೆ. ಆ ಮುಖದ ಬಳಿ ಬೇರೆ ಆಯಸ್ಕಾಂತವನ್ನು ತರಬೇಡಿ. ತಿರುಗುಮುರುಗಾಗಿ ಒತ್ತಿಬಿಟ್ಟರೆ ಎಬಿಎಸ್ ದೀಪ ಹತ್ತಿಕೊಂಡೇ ಇರುತ್ತದೆ, ಮತ್ತು ಕೂರಿಸಿದ ಬೇರಿಂಗನ್ನು ಕೆಡಿಸದೆ ಹೊರತೆಗೆಯುವುದು ಆಗದ ಮಾತು.

ರಾಡಿನಿಂದ ಎಳೆಯುವವರಿಗೆ ತಣ್ಣನೆಯ ಬೇರಿಂಗ್ ದೊಡ್ಡ ಉಪಕಾರ ಮಾಡುತ್ತದೆ. 72 ಮಿ.ಮೀ. ವ್ಯಾಸದ ಉಕ್ಕಿನ ಉಂಗುರ 40 ಡಿಗ್ರಿ ತಣ್ಣಗಾದರೆ ಸುಮಾರು 0.03 ಮಿ.ಮೀ. ಕುಗ್ಗುತ್ತದೆ, ಕೇಳಲು ಅಲ್ಪವೆನಿಸಿದರೂ ಇಲ್ಲಿಯ ಬಿಗಿಯೂ ಅಂಥದೇ ಅಲ್ಪ ಅಳತೆಯದು. ಹಿಂದಿನ ರಾತ್ರಿಯೇ ಪ್ಯಾಕೆಟ್ ಸಮೇತ ಫ್ರೀಜರಿನಲ್ಲಿಡಿ. ನಕಲ್‌ನ ರಂಧ್ರದ ತುಕ್ಕನ್ನು ನುಣುಪು ಎಮರಿ ಕಾಗದದಿಂದ ತೆಗೆದು ಒರೆಸಿರಿ. ಹಬ್‌ನ ಮುಖದಲ್ಲಿ ಡಿಸ್ಕ್ ಕೂರುವ ಜಾಗವೂ ಹಾಗೆಯೇ ಶುಚಿಯಾಗಿರಲಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಪೆಡಲ್ ಅದುರುತ್ತದೆ. ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕ್ ಕ್ಯಾಲಿಪರ್ ಅನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ರಬ್ಬರ್ ಹೋಸಿನ ಮೇಲೆ ಅದರ ಭಾರ ಬೀಳಬಾರದು.

ನಟ್ ಬಗ್ಗೆ: ಪ್ರತಿ ಬಾರಿಯೂ ಹೊಸದು ಹಾಕಿ. ಕಾರು ಸ್ಟ್ಯಾಂಡಿನ ಮೇಲಿರುವಾಗಲೇ ಒಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಸಿ. ಬಹಳಷ್ಟು ಕಾರುಗಳಲ್ಲಿ ಅದು 150ರಿಂದ 300 ನ್ಯೂಟನ್ ಮೀಟರಿನ ನಡುವೆ ಇರುತ್ತದೆ. ಪೈಪಿನ ಅಂದಾಜು ಈ ನಟ್‌ಗೆ ಸಲ್ಲದು, ಏಕೆಂದರೆ ಬೇರಿಂಗಿನ ಒಳಬಿಗಿಯನ್ನು ನಿರ್ಧರಿಸುವುದೇ ಅದು.

ಹಳೇಬಂಡಿ:

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ.

ಟೈರುಗಳನ್ನು ಅದಲುಬದಲು ಮಾಡಿದರೂ ಸದ್ದು ಮುಂದೆಯೇ ಉಳಿಯಿತು. ಸ್ಪ್ರಿಂಗಿನ ಮೇಲೆ ಕೈಯಿಟ್ಟಾಗ ಎಡ ಚಕ್ರದಲ್ಲಿ ಏನೂ ತಿಳಿಯಲಿಲ್ಲ, ಬಲದಲ್ಲಿ ಮರಳಿನ ಮೇಲೆ ಎಳೆದಂಥ ಗರಗರ ಬೆರಳಿಗೆ ಸ್ಪಷ್ಟವಾಗಿ ಸಿಕ್ಕಿತು. ಹಬ್ ತೆಗೆದಾಗ, ಹೇಳಿದಂತೆಯೇ, ಚಕ್ರದ ಕಡೆಯ ಅರ್ಧ ಉಂಗುರ ಅದರ ಜೊತೆ ಬಂತು. ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದೆ. ಓಟದ ಹಾದಿಯ ಹೊರ ಅಂಚಿನ ಕಡೆಗೆ, ಸುತ್ತಲೂ ಸಮ ಅಂತರದಲ್ಲಿ ಎಳ್ಳುಕಾಳಿನಷ್ಟು ಮಾಸಲು ಗುರುತುಗಳು ಸಾಲಾಗಿದ್ದವು. ಎಣಿಸಿದರೆ 13. ಪಂಜರದಿಂದ ಆ ಸಾಲಿನ ಗುಂಡುಗಳನ್ನು ಬಿಡಿಸಿ ಎಣಿಸಿದೆ, ಅವೂ 13. ಎರಡು ಗುರುತುಗಳ ಸುತ್ತ ಉಕ್ಕು ಆಗಲೇ ಚಕ್ಕೆ ಎದ್ದಿತ್ತು. ನಕಲ್‌ನ ಮೇಲೆ ಕುಳಿತಿದ್ದ ಆ ವಾಷರೇ ಬೇರಿಂಗನ್ನು ಕೊಂದಿತು ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ.

ಹಬ್‌ನ ಕಂಠದಲ್ಲಿ ಉಗುರಿಗೆ ತಡೆಯುವ ಒಂದು ಗೀರೂ ಸಿಕ್ಕಿತು. ಹೊಸ ಹಬ್ ತಂದೆ. ಫ್ರೀಜರಿನಿಂದ ತೆಗೆದ ಬೇರಿಂಗ್ ನಕಲ್‌ನೊಳಗೆ ಕಳೆದ ಬಾರಿಗಿಂತ ಅರ್ಧ ಬಲಕ್ಕೇ ಕುಳಿತಿತು. ಸರ್ಕ್ಲಿಪ್ ತನ್ನ ತೋಡಿಗೆ ಬಿದ್ದ ಮೇಲೆ, ಒಳ ಉಂಗುರಕ್ಕೆ ಸರಿಹೊಂದುವ ಸಾಕೆಟ್ಟನ್ನು ಹಿಂಬದಿಗೆ ಆನಿಸಿ ಹಬ್ ಎಳೆದೆ. ಕೊನೆಗೆ ಮನೆಯವರನ್ನು ಬ್ರೇಕ್ ಒತ್ತಲು ಕೂರಿಸಿ, ಹೊಸ ನಟ್ ಅನ್ನು ನನ್ನ ಕೈಪಿಡಿ ಹೇಳುವ 200 ನ್ಯೂಟನ್ ಮೀಟರಿಗೆ ಸ್ಟ್ಯಾಂಡಿನ ಮೇಲೆಯೇ ಬಿಗಿಸಿದೆ. ಈಗ ಹಬ್ ಅನ್ನು ಬೆರಳಿನಿಂದ ತಿರುಗಿಸಿದರೆ ಗ್ರೀಸಿನ ಮೆತ್ತನೆಯ ತಡೆ ಸುತ್ತಿನುದ್ದಕ್ಕೂ ಒಂದೇ ಸಮ ಇದೆ. ಕಾರು ಇದುವರೆಗೆ 400 ಕಿ.ಮೀ. ಓಡಿದೆ. ಕಳೆದ ಬಾರಿ ಸಾವಿರದವರೆಗೂ ಮೌನವಾಗಿಯೇ ಇತ್ತಾದ್ದರಿಂದ, 3,000 ದಾಟಿದ ಮೇಲೆ ಮತ್ತೊಮ್ಮೆ ಸ್ಪ್ರಿಂಗಿನ ಮೇಲೆ ಕೈಯಿಟ್ಟು ನೋಡಿ ಇಲ್ಲಿಯೇ ಬರೆಯುತ್ತೇನೆ.

ತಂತಿತೊಡಕು:

ಸಂತೋಷ. ಚಕ್ರದ ನಟ್‌ಗಳನ್ನು 100 ಕಿ.ಮೀ. ಒಳಗೇ ಇನ್ನೊಮ್ಮೆ ಟಾರ್ಕ್ ವ್ರೆಂಚಿನಿಂದ ನೋಡಬೇಕಿತ್ತು, ಹೊಸ ಹಬ್‌ನ ಮುಖ ಕುಳಿತಂತೆ ಅವು ತುಸು ಸಡಿಲವಾಗುವುದುಂಟು. ನೋಡಿರದಿದ್ದರೆ ಇವತ್ತೇ ನೋಡಿಬಿಡಿ.

ಹಳೇಬಂಡಿ:

ಈಗ ನೋಡಿದೆ. ಒಂದು ನಟ್ ಕಾಲು ಸುತ್ತಿಗಿಂತ ತುಸು ಕಡಿಮೆ ತಿರುಗಿತು, ಉಳಿದ ಮೂರು ಬಿಗಿಯಾಗಿಯೇ ಇದ್ದವು.