ಕಂಪ್ಯೂಟರ್‌ಗೆ ಹೊಸ ಕಂಟ್ರೋಲರ್ ಬೇಕು, ಹಳೆಯದು ತಾನಾಗಿಯೇ ಎಡಕ್ಕೆ ಎಳೆಯುತ್ತಿದೆ

ಇರುಳುಹಕ್ಕಿ:

ಎಲ್ಲರಿಗೂ ನಮಸ್ಕಾರ. ನನ್ನ ಕಂಟ್ರೋಲರ್ ತಗೊಂಡು ನಾಲ್ಕು ವರ್ಷ ಆಯ್ತು. ದಿನಾ ಒಂದೆರಡು ಗಂಟೆ ಆಡುತ್ತೇನೆ, ರಜೆ ಇದ್ದರೆ ಇನ್ನೂ ಜಾಸ್ತಿ. ಎರಡು ತಿಂಗಳಿಂದ ಎಡಗಡೆ ಸ್ಟಿಕ್ ಕಾಟ ಕೊಡುತ್ತಿದೆ. ಕೈ ಬಿಟ್ಟು ಸುಮ್ಮನೆ ಕೂತರೂ ಆಟದೊಳಗಿನವನು ಮೆಲ್ಲಗೆ ಎಡಕ್ಕೆ ನಡೆದುಕೊಂಡು ಹೋಗುತ್ತಾನೆ, ಮೆನುವಿನಲ್ಲಿ ಆಯ್ಕೆ ತಾನಾಗಿಯೇ ಜಾರುತ್ತದೆ, ಕಾರು ನೇರ ರಸ್ತೆಯಲ್ಲೂ ಎಡಕ್ಕೆ ವಾಲುತ್ತದೆ. ಸ್ಟಿಕ್ ಸುತ್ತ ಗಾಳಿ ಊದಿ ನೋಡಿದೆ, ಎರಡು ದಿನ ಸರಿಹೋದ ಹಾಗಿತ್ತು, ಮತ್ತೆ ಅದೇ.

ಆಡುವುದು ಹೆಚ್ಚಾಗಿ ಕಾರ್ ರೇಸಿಂಗ್, ಫುಟ್‌ಬಾಲ್, ಮತ್ತೆ ಕಥೆ ಇರುವ ದೊಡ್ಡ ಸಾಹಸದ ಆಟಗಳು. ವಿಂಡೋಸ್ 11 ಇದೆ. ಅರ್ಧ ಆಟಗಳು ಸ್ಟೀಮ್‌ನಲ್ಲಿವೆ (ಆಟ ಕೊಂಡು ಅಲ್ಲಿಂದಲೇ ಆಡುವ ಆ್ಯಪ್), ಉಳಿದವು ಬೇರೆ ಕಡೆ. ಎಕ್ಸ್‌ಬಾಕ್ಸ್ ತರಹದ್ದು ತಗೊಳ್ಳಲಾ, ಪ್ಲೇಸ್ಟೇಷನ್ ತರಹದ್ದಾ? ವೈರ್ ಇದ್ದರೆ ಒಳ್ಳೆಯದಾ, ಇಲ್ಲದಿದ್ದರಾ? ಹಾಲ್ ಎಫೆಕ್ಟ್ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಅದು ನಿಜವಾಗಿ ಉಪಯೋಗಕ್ಕೆ ಬರುತ್ತಾ ಅಥವಾ ಡಬ್ಬಿ ಮೇಲಿನ ಮಾತಾ? ಇನ್ನೊಂದು ನಾಲ್ಕೈದು ವರ್ಷ ಬಾಳಿಕೆ ಬಂದರೆ ಸಾಕು. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬೆಸುಗೆಕಡ್ಡಿ:

ಮೊದಲು ಕೊಳ್ಳುವ ಮಾತು ಬೇಡ, ಅಳತೆ ನೋಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಕಿಟಕಿಯಲ್ಲಿ ನಿಮ್ಮ ಕಂಟ್ರೋಲರ್ ಆರಿಸಿ ಪ್ರಾಪರ್ಟೀಸ್‌ಗೆ ಹೋಗಿ. ಒಂದು ಚೌಕದೊಳಗೆ ಸಣ್ಣ ಕೂಡಿಸು ಗುರುತು ಕಾಣುತ್ತದೆ. ಕೈ ಬಿಟ್ಟಾಗ ಅದು ನಡುವೆ ನಿಲ್ಲಬೇಕು. ಸ್ಟಿಕ್ ಅನ್ನು ನಾಲ್ಕೂ ಕಡೆಗೆ ಎಳೆದು ಪಟ್ಟನೆ ಬಿಡಿ, ಹತ್ತು ಸಲ ಮಾಡಿ. ಪ್ರತಿ ಸಲ ಒಂದೇ ಜಾಗಕ್ಕೆ ಬರುತ್ತಾ, ಬೇರೆ ಬೇರೆ ಜಾಗಕ್ಕಾ, ನಿಂತ ಮೇಲೂ ನಡುಗುತ್ತಾ ಅಂತ ಗಮನಿಸಿ. ಅದು ಎಕ್ಸ್‌ಬಾಕ್ಸ್ ತರಹದ್ದಾದರೆ ಆ ಕಿಟಕಿಯಲ್ಲಿ ಎರಡೂ ಟ್ರಿಗರ್ (ತೋರುಬೆರಳಿನಿಂದ ಒತ್ತುವ ಹಿಂದಿನ ಬಟನ್‌ಗಳು) ಒಂದೇ ಪಟ್ಟಿಯಲ್ಲಿ ಕಾಣುತ್ತವೆ, ಎರಡನ್ನೂ ಒಟ್ಟಿಗೆ ಒತ್ತಿದರೆ ನಡುವೆ ನಿಲ್ಲುತ್ತದೆ. ಅದು ಡೈರೆಕ್ಟ್‌ಇನ್‌ಪುಟ್, ಅಂದರೆ ವಿಂಡೋಸ್ ಕಂಟ್ರೋಲರ್ ಓದುವ ಹಳೆಯ ಪದ್ಧತಿ, ತೋರಿಸುವ ರೀತಿ ಅಷ್ಟೇ. ಟ್ರಿಗರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಈಗ ಒಳಗೆ ಏನಾಗಿರುತ್ತದೆ ಅಂತ ಹೇಳುತ್ತೇನೆ, ಯಾಕಂದರೆ ಹೊಸದನ್ನು ಆರಿಸಲು ಇದೇ ಮುಖ್ಯ. ಸಾಮಾನ್ಯ ಸ್ಟಿಕ್ ಕೆಳಗೆ ಒಂದು ಲೋಹದ ಪೆಟ್ಟಿಗೆ, ಅದರ ಎರಡು ಬದಿಗೆ ಉಗುರಿನಷ್ಟು ಅಗಲದ ಎರಡು ಪೊಟೆನ್ಶಿಯೋಮೀಟರ್. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಮುಚ್ಚಳ ಎಬ್ಬಿಸಿದರೆ ಕಪ್ಪು ಕಾರ್ಬನ್ ಪಟ್ಟಿ ಇರುತ್ತದೆ. ಅದರ ಮೇಲೆ ಕೂದಲೆಳೆಯಂಥ ಲೋಹದ ಕಡ್ಡಿಗಳು ಉಜ್ಜಿಕೊಂಡು ಓಡಾಡುತ್ತವೆ. ನಾನು ಬಿಚ್ಚಿದ ಹಳೆಯ ಸ್ಟಿಕ್‌ಗಳಲ್ಲೆಲ್ಲ ಆ ಪಟ್ಟಿಯ ನಡುಭಾಗ ಹೊಳಪು ಬಂದು ಸವೆದಿರುತ್ತದೆ, ಅಕ್ಕಪಕ್ಕ ಕಪ್ಪು ಪುಡಿ ಕೂತಿರುತ್ತದೆ. ಯಾಕೆ ನಡುವೆಯೇ ಅಂದರೆ ಕಡ್ಡಿ ಸದಾ ಹಾದುಹೋಗುವ ಜಾಗ ಅದೇ ಅಲ್ವಾ. ಗಾಳಿ ಊದಿದಾಗ ಆ ಪುಡಿ ಸರಿಯುತ್ತದೆ, ಅದಕ್ಕೇ ಎರಡು ದಿನ ಸರಿಹೋಗುತ್ತದೆ. ಸವೆದ ಕಾರ್ಬನ್ ಮಾತ್ರ ವಾಪಸ್ ಬರುವುದಿಲ್ಲ.

ಹಾಲ್ ಎಫೆಕ್ಟ್ ಡಬ್ಬಿ ಮೇಲಿನ ಮಾತಲ್ಲ. ಅಲ್ಲಿ ಉಜ್ಜುವ ಭಾಗವೇ ಇಲ್ಲ. ಸ್ಟಿಕ್ ಜೊತೆ ಒಂದು ಪುಟ್ಟ ಅಯಸ್ಕಾಂತ ತಿರುಗುತ್ತದೆ, ಎದುರಿನ ಸೆನ್ಸರ್ ಮುಟ್ಟದೆಯೇ ಅದರ ದಿಕ್ಕು ಓದುತ್ತದೆ. ತತ್ವ 1879ರಷ್ಟು ಹಳೆಯದು, ಎಡ್ವಿನ್ ಹಾಲ್ ಕಂಡುಹಿಡಿದದ್ದು. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ 1998ರಲ್ಲೇ ತನ್ನ ಕಂಟ್ರೋಲರ್‌ನಲ್ಲಿ ಇದನ್ನು ಬಳಸಿತ್ತು. ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನ ಟ್ರಿಗರ್‌ಗಳಲ್ಲೂ ಹಾಲ್ ಸೆನ್ಸರ್ ಇದೆ, ಆದರೆ ಸ್ಟಿಕ್‌ಗಳಿಗೆ ಮಾತ್ರ ಪೊಟೆನ್ಶಿಯೋಮೀಟರ್. ಈಗ ಟಿಎಂಆರ್ ಅಂತ ಇನ್ನೊಂದು ಬಂದಿದೆ. ಅದೂ ಅಯಸ್ಕಾಂತವೇ, ಕರೆಂಟ್ ಕಡಿಮೆ ತಿನ್ನುತ್ತದೆ, ಹಾಗಾಗಿ ಬ್ಯಾಟರಿಯ ಕಂಟ್ರೋಲರ್‌ಗೆ ಒಳ್ಳೆಯದು. ನಿಮಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಒಂದು ಮಾತು ನೆನಪಿಡಿ. ಹಾಲ್ ಇದ್ದರೂ ಸ್ಟಿಕ್ ಅನ್ನು ನಡುವೆ ತರುವುದು ಸ್ಪ್ರಿಂಗೇ. ಸ್ಪ್ರಿಂಗ್ ಸಡಿಲವಾದರೆ ಸ್ಟಿಕ್ ಸರಿಯಾಗಿ ನಡುವೆ ನಿಲ್ಲುವುದಿಲ್ಲ, ಹೆಬ್ಬೆರಳಿನ ರಬ್ಬರ್ ಕೂಡ ಸವೆಯುತ್ತದೆ. ಬಾಳಿಕೆ ಖಂಡಿತ ಜಾಸ್ತಿ, ಆದರೆ ಸವೆಯುವುದೇ ಇಲ್ಲ ಅಂತಲ್ಲ.

ನಾಲ್ಕನೇಲ್ಯಾಪ್:

ರೇಸಿಂಗ್ ಆಡುತ್ತೀರಿ ಅಂದಿರಲ್ಲ, ಹಾಗಾದರೆ ಟ್ರಿಗರ್ ನೋಡದೆ ಏನೂ ತಗೊಳ್ಳಬೇಡಿ. ಎಲ್ಲ ಕಂಟ್ರೋಲರ್‌ನ ಟ್ರಿಗರ್ ಒಂದೇ ತರಹ ಇರುವುದಿಲ್ಲ. ಕೆಲವು ಎಷ್ಟು ಒತ್ತಿದ್ದೀರಿ ಅಂತ ಅಳೆಯುತ್ತವೆ, ಅರ್ಧ ಒತ್ತಿದರೆ ಅರ್ಧ ಬ್ರೇಕ್. ಕೆಲವು ಬರೀ ಬಟನ್, ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ನಿಂಟೆಂಡೊ ಸ್ವಿಚ್ ಪ್ರೊ ಕಂಟ್ರೋಲರ್ ಎರಡನೇ ಜಾತಿಯದ್ದು. ಕೈಯಲ್ಲಿ ಹಿಡಿಯಲು ಚೆನ್ನಾಗಿದೆ, ಡಿ-ಪ್ಯಾಡ್ ಇದೆ, ಎಲ್ಲ ಸರಿ, ಆದರೆ ತಿರುವಿನಲ್ಲಿ ಬ್ರೇಕ್ ಅನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಒಳಗೆ ನುಗ್ಗಬೇಕು ಅಂದಾಗ ಅದರಲ್ಲಿ ಆಗುವುದೇ ಇಲ್ಲ. ಅದೇ ಆಕಾರದಲ್ಲಿ ಬರುವ ಬೇರೆ ಕಂಪನಿಗಳವಲ್ಲೂ ಇದನ್ನು ನೋಡಿಕೊಳ್ಳಿ. ವಿವರಣೆಯಲ್ಲಿ ಅನಲಾಗ್ ಟ್ರಿಗರ್ ಅಂತ ಇರಬೇಕು.

ಇನ್ನೊಂದು, ಕೆಲವು ಹೊಸ ಕಂಟ್ರೋಲರ್‌ಗಳಲ್ಲಿ ಟ್ರಿಗರ್ ಹಿಂದೆ ಪುಟ್ಟ ಸ್ವಿಚ್ ಕೊಟ್ಟಿರುತ್ತಾರೆ. ಶೂಟಿಂಗ್ ಆಟಕ್ಕೆ ಟ್ರಿಗರ್ ಓಟ ಗಿಡ್ಡ ಮಾಡಬಹುದು, ರೇಸಿಂಗ್‌ಗೆ ಉದ್ದ ಬಿಡಬಹುದು. ಅಂಥದ್ದು ಸಿಕ್ಕರೆ ಬಿಡಬೇಡಿ.

ಮಳೆಬಿಲ್ಲು:

ಎಕ್ಸ್‌ಬಾಕ್ಸಾ ಪ್ಲೇಸ್ಟೇಷನ್ನಾ ಅನ್ನುವುದಕ್ಕೆ ನನ್ನ ಉತ್ತರ: ಆಟಗಳು ಅರ್ಧ ಸ್ಟೀಮ್ ಹೊರಗಿವೆ ಅಂದಮೇಲೆ ಎಕ್ಸ್‌ಇನ್‌ಪುಟ್ ಮಾತಾಡುವ ಕಂಟ್ರೋಲರ್ ತಗೊಳ್ಳಿ. ಇದು ಮೈಕ್ರೋಸಾಫ್ಟ್ 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ತಂದ ಪದ್ಧತಿ. ಅಲ್ಲಿಂದ ಈಚೆಗೆ ವಿಂಡೋಸ್‌ಗೆ ಬಂದ ಬಹುಪಾಲು ಆಟಗಳು ಅದನ್ನೇ ನಿರೀಕ್ಷಿಸುತ್ತವೆ. ಚುಚ್ಚಿದರೆ ಸಾಕು, ಕೆಲಸ ಮಾಡುತ್ತದೆ. ಪರದೆ ಮೇಲೆ ಎ, ಬಿ, ಎಕ್ಸ್, ವೈ ಅಂತ ಬರುತ್ತದೆ, ಕೈಯಲ್ಲಿರುವ ಬಟನ್ ಮೇಲೂ ಅದೇ ಇರುತ್ತದೆ.

ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4 ಅಥವಾ ಡ್ಯುಯಲ್‌ಸೆನ್ಸ್ ಆದರೆ ಸ್ಟೀಮ್ ಒಳಗೆ ಯಾವ ತೊಂದರೆಯೂ ಇಲ್ಲ, ಸ್ಟೀಮ್ ಇನ್‌ಪುಟ್ ಎಲ್ಲವನ್ನೂ ಅನುವಾದ ಮಾಡಿ ಕೊಡುತ್ತದೆ. ಹೊರಗಿನ ಆಟಗಳಿಗೆ ಒಂದೋ ಅವನ್ನು ಸ್ಟೀಮ್‌ಗೆ ಸೇರಿಸಿ ಅಲ್ಲಿಂದ ತೆರೆಯಬೇಕು, ಇಲ್ಲ ಡಿಎಸ್4ವಿಂಡೋಸ್ ಅನ್ನುವ ತಂತ್ರಾಂಶ ಹಾಕಿಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಓಡಿಸಿದರೆ ಒಂದು ಸಲ ಒತ್ತಿದ್ದು ಎರಡು ಸಲ ಬೀಳುತ್ತದೆ. ಮೆನುವಿನಲ್ಲಿ ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಹಾರುವುದು ಇದರಿಂದಲೇ. ನಾನು ಒಂದು ಸಂಜೆ ಪೂರ್ತಿ ಇದರ ಹಿಂದೆ ಬಿದ್ದಿದ್ದೆ.

ಡ್ಯುಯಲ್‌ಸೆನ್ಸ್‌ನ ಟ್ರಿಗರ್ ಬೆರಳಿಗೆ ಎದುರು ಒತ್ತುವುದು, ಬ್ರೇಕ್ ಹಿಡಿದಾಗ ಬಿಗಿಯಾಗುವುದು, ಇದೆಲ್ಲ ನಿಜಕ್ಕೂ ಚೆನ್ನಾಗಿದೆ. ಆದರೆ ಕಂಪ್ಯೂಟರ್‌ನಲ್ಲಿ ಆಟ ಅದನ್ನು ಬೆಂಬಲಿಸಬೇಕು, ಸಾಮಾನ್ಯವಾಗಿ ಕೇಬಲ್ ಕೂಡ ಹಾಕಿರಬೇಕು.

ಇರುಳುಹಕ್ಕಿ:

ತುಂಬ ಧನ್ಯವಾದ. ಅಳತೆ ನೋಡಿದೆ. ಬ್ರೌಸರ್‌ನಲ್ಲಿ ಅಂಕಿ ತೋರಿಸುವ ಪುಟ ಸಿಕ್ಕಿತು (ನಡುವೆ 0, ಪೂರ್ತಿ ಎಳೆದರೆ 1), ಅದರಲ್ಲೂ ನೋಡಿದೆ. ಬಲ ಸ್ಟಿಕ್ ಕೈ ಬಿಟ್ಟಾಗ 0.02 ಹತ್ತಿರ ಇರುತ್ತದೆ. ಎಡ ಸ್ಟಿಕ್ ಎಡಕ್ಕೆ 0.17, ಒಮ್ಮೊಮ್ಮೆ 0.21, ನಿಂತ ಮೇಲೂ ನಡುಗುತ್ತದೆ. ಡೆಡ್‌ಝೋನ್ ಜಾಸ್ತಿ ಮಾಡಿದರೆ ಸಾಕು ಅಂತ ಗೆಳೆಯ ಹೇಳಿದ. ಮಾಡಿದರೆ ಕಾರು ವಾಲುವುದು ನಿಂತಿತು, ಆದರೆ ತಿರುಗಿಸುವಾಗ ಏನೋ ಸರಿ ಇಲ್ಲ ಅನ್ನಿಸುತ್ತದೆ.

ಬೆಸುಗೆಕಡ್ಡಿ:

ಸರಿಯಾಗಿಯೇ ಅನ್ನಿಸಿದೆ. 0.02 ಅಂದರೆ ಆರೋಗ್ಯದ ಸ್ಟಿಕ್. 0.17ರಿಂದ 0.21, ಅದೂ ನಡುಕದ ಜೊತೆ, ಅಂದರೆ ಪಟ್ಟಿ ಸವೆದಿದೆ.

ಡೆಡ್‌ಝೋನ್ ಅಂದರೆ ನಡುವಿನ ಇಷ್ಟು ಜಾಗದಲ್ಲಿ ಏನು ಬಂದರೂ ಸೊನ್ನೆ ಅಂತ ತಗೋ ಎಂದು ಆಟಕ್ಕೆ ಹೇಳುವುದು. ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್‌ನ ಪೂರ್ತಿ ಓಟ 32767. ಅದರಲ್ಲಿ ಎಡ ಸ್ಟಿಕ್‌ಗೆ 7849, ಬಲಕ್ಕೆ 8689 ಡೆಡ್‌ಝೋನ್ ಇಡಬಹುದು ಅಂತ ಮೈಕ್ರೋಸಾಫ್ಟ್ ತನ್ನ ಕೋಡ್‌ನಲ್ಲೇ ಕೊಟ್ಟಿದೆ. ಹತ್ತಿರಹತ್ತಿರ ಕಾಲು ಭಾಗ! ಅಷ್ಟು ಇಟ್ಟುಕೊಂಡ ಆಟಗಳಲ್ಲಿ ನಿಮ್ಮ ಸ್ಟಿಕ್ ತಾನಾಗಿ ಎಳೆಯುವುದು (ಡ್ರಿಫ್ಟ್) ಕಾಣುವುದೇ ಇಲ್ಲ, ಕಡಿಮೆ ಇಟ್ಟುಕೊಂಡ ಆಟಗಳಲ್ಲಿ ಕಾಣುತ್ತದೆ. ಕೆಲವು ಆಟದಲ್ಲಿ ಸರಿ, ಕೆಲವು ಆಟದಲ್ಲಿ ಸರಿ ಇಲ್ಲ ಅನ್ನುವುದು ಇದಕ್ಕೇ. ಆದರೆ ರೇಸಿಂಗ್‌ನಲ್ಲಿ ಆ ಕಾಲು ಭಾಗದಲ್ಲೇ ನಾಜೂಕಿನ ತಿರುವು ಇರುವುದು. ಅದು ಹೋದರೆ ಸ್ಟಿಕ್ ಅಲ್ಲಾಡಿಸುತ್ತೀರಿ, ಏನೂ ಆಗುವುದಿಲ್ಲ, ಆಮೇಲೆ ತಟ್ಟನೆ ಎಳೆಯುತ್ತದೆ.

ಹೊಸದು ತಗೊಳ್ಳಿ.

ಇರುಳುಹಕ್ಕಿ:

ಸರಿ, ತೀರ್ಮಾನ ಆಯ್ತು. ಇನ್ನು ವೈರ್ ವಿಷಯ ಹೇಳಿ. ಕುರ್ಚಿ ಮಾನಿಟರ್‌ನಿಂದ ಒಂದೂವರೆ ಮೀಟರ್ ದೂರ ಇದೆ ಅಷ್ಟೇ.

ತಂತಿಬೇಲಿ:

ಒಂದೂವರೆ ಮೀಟರ್ ಅಂದರೆ ಕಣ್ಣುಮುಚ್ಚಿ ವೈರ್ ಇರುವುದು ತಗೊಳ್ಳಿ. ಚಾರ್ಜ್ ಇಲ್ಲ, ಜೋಡಣೆ ಇಲ್ಲ, ಬ್ಯಾಟರಿ ಮುದಿಯಾಗುವುದಿಲ್ಲ. ನಾಲ್ಕೈದು ವರ್ಷ ಬರಬೇಕು ಅಂದಿರಲ್ಲ, ಒಳಗೆ ಕೂಡಿಸಿದ ಬ್ಯಾಟರಿ ಅಷ್ಟು ಹೊತ್ತಿಗೆ ಸೊರಗಿರುತ್ತದೆ. ಕೇಬಲ್ ಬಿಚ್ಚಿ ಹಾಕುವಂತಿದೆಯಾ ಅಂತ ಮಾತ್ರ ನೋಡಿ. ಕಂಟ್ರೋಲರ್‌ಗೇ ಅಂಟಿಕೊಂಡ ಕೇಬಲ್ ಬುಡದಲ್ಲಿ ಮುರಿದರೆ ಬಿಚ್ಚಿ ಬೆಸುಗೆ ಹಾಕಬೇಕಾಗುತ್ತದೆ. ಬಿಚ್ಚುವಂಥದ್ದಾದರೆ ಕೇಬಲ್ ಬದಲಿಸಿದರೆ ಆಯ್ತು. ಆದರೆ ಯಾವುದೋ ಫೋನ್ ಕೇಬಲ್ ಹಾಕಿ ಕಂಟ್ರೋಲರ್ ಕಾಣಿಸುತ್ತಿಲ್ಲ ಅಂತ ಗಾಬರಿ ಬೇಡ, ಕೆಲವು ಕೇಬಲ್‌ಗಳಲ್ಲಿ ಚಾರ್ಜ್‌ನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ.

ವೈರ್ ಬೇಡವೇ ಬೇಡ ಅಂದರೆ ಬ್ಲೂಟೂತ್‌ಗಿಂತ ಜೊತೆಗೆ ಬರುವ 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ವಾಸಿ. ಡಾಂಗಲ್ ಅನ್ನು ಕಂಪ್ಯೂಟರ್ ಹಿಂದಿನ ಯುಎಸ್‌ಬಿ 3 ಪೋರ್ಟ್‌ಗೆ, ಅದೂ ಹಾರ್ಡ್‌ಡಿಸ್ಕ್ ಪಕ್ಕದಲ್ಲಿ ಚುಚ್ಚಬೇಡಿ. ಯುಎಸ್‌ಬಿ 3 ಓಡುವಾಗ ಅದೇ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ಪ್ರಕಟಿಸಿದೆ. ಬಟನ್ ಒತ್ತಿದ್ದು ತಡವಾಗುವುದು, ಆಗಾಗ ಸಂಪರ್ಕ ಕಡಿದುಹೋಗುವುದು, ಇದರಿಂದಲೂ ಆಗುತ್ತದೆ. ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ಅನ್ನು ಮೇಜಿನ ಮೇಲೆ ತಂದಿಟ್ಟರೆ ಸಾಕು.

ಹಳೆಯ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಯಾರಾದರೂ ಕೊಡುತ್ತೇನೆ ಅಂದರೆ ಒಂದು ಗುರುತು ಹೇಳುತ್ತೇನೆ. ನಡುವಿನ ದುಂಡು ಬಟನ್ ಸುತ್ತಲಿನ ಪ್ಲಾಸ್ಟಿಕ್ ಬಂಪರ್‌ಗಳ (ಟ್ರಿಗರ್ ಮೇಲಿನ ಬಟನ್‌ಗಳು) ಹಾಗೆ ಹೊಳೆಯುತ್ತಾ ಬೇರೆ ತುಂಡಾಗಿ ಕಂಡರೆ ಅದರಲ್ಲಿ ಬ್ಲೂಟೂತ್ ಇಲ್ಲ. ಮುಖದ ಪ್ಲಾಸ್ಟಿಕ್ ಜೊತೆಗೇ ಒಂದಾಗಿದ್ದರೆ ಇದೆ, ಅದು 2016ರ ನಂತರದ್ದು.

ಮಳೆಬಿಲ್ಲು:

ತಂತಿಬೇಲಿಯವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಮೈಕ್ರೋಸಾಫ್ಟ್‌ನದೇ ಎಕ್ಸ್‌ಬಾಕ್ಸ್ ಕಂಟ್ರೋಲರ್ ಎರಡು ಎಎ ಸೆಲ್ ಮೇಲೆ ನಡೆಯುತ್ತದೆ. ತುಂಬ ಜನ ಅದನ್ನು ಕೊರತೆ ಅನ್ನುತ್ತಾರೆ, ನನಗೆ ಅದೇ ಇಷ್ಟ. ರೀಚಾರ್ಜ್ ಆಗುವ ಸೆಲ್ ನಾಲ್ಕು ಇಟ್ಟುಕೊಂಡರೆ ಎರಡು ಒಳಗೆ, ಎರಡು ಚಾರ್ಜರ್‌ನಲ್ಲಿ. ಬ್ಯಾಟರಿ ಹೋಯಿತು ಅಂತ ಕಂಟ್ರೋಲರ್ ಎಸೆಯುವ ಪ್ರಶ್ನೆಯೇ ಇಲ್ಲ. ಆದರೆ ಬ್ಲೂಟೂತ್‌ನಲ್ಲಿ ಅದರ ಹೆಡ್‌ಫೋನ್ ತೂತು ಕಂಪ್ಯೂಟರ್ ಜೊತೆ ಕೆಲಸ ಮಾಡುವುದಿಲ್ಲ, ಅದಕ್ಕೆ ಕೇಬಲ್ ಅಥವಾ ಅವರದೇ ವೈರ್‌ಲೆಸ್ ಅಡಾಪ್ಟರ್ ಬೇಕು.

ನಾಲ್ಕನೇಲ್ಯಾಪ್:

ಹೆಸರು ಹೇಳಿಯೇಬಿಡೋಣ. ವೈರ್, ಎಕ್ಸ್‌ಇನ್‌ಪುಟ್, ಹಾಲ್ ಸ್ಟಿಕ್, ಅನಲಾಗ್ ಟ್ರಿಗರ್, ನಾಲ್ಕೂ ಇರುವುದು ಅಂದರೆ ಗೇಮ್‌ಸರ್ ಜಿ7 ಎಸ್ಇ ಅಥವಾ 8ಬಿಟ್‌ಡೋ ಅಲ್ಟಿಮೇಟ್ 2ಸಿ ವೈರ್ಡ್. ಎರಡರಲ್ಲೂ ಟ್ರಿಗರ್ ಕೂಡ ಹಾಲ್. ಜಿ7 ಎಸ್ಇ ಕೇಬಲ್ ಬಿಚ್ಚಬಹುದು, ಹಿಂಬದಿಗೆ ಎರಡು ಬಟನ್ ಇವೆ, ಹೆಡ್‌ಫೋನ್ ಕೂಡ ಹಾಕಬಹುದು. ನಾನು ಹಿಂಬದಿಯ ಬಟನ್‌ಗಳಿಗೆ ಗೇರ್ ಕೊಟ್ಟಿದ್ದೇನೆ. ಮ್ಯಾನುವಲ್ ಗೇರ್‌ನಲ್ಲಿ ಓಡಿಸುವಾಗ ಹೆಬ್ಬೆರಳು ಸ್ಟಿಕ್ ಬಿಟ್ಟು ಏಳುವುದೇ ಇಲ್ಲ, ಮಧ್ಯದ ಬೆರಳಿನಲ್ಲೇ ಗೇರ್ ಬದಲಾಗುತ್ತದೆ. ಕೈ ಸಣ್ಣದಿದ್ದರೆ 2ಸಿ ಹಿಡಿದು ನೋಡಿ. ಸಾಧ್ಯವಾದರೆ ಎರಡನ್ನೂ ಹಿಡಿದೇ ತೀರ್ಮಾನಿಸಿ, ಕೈಗೆ ಕೂರದಿದ್ದರೆ ಯಾವ ಸೆನ್ಸರ್ ಇದ್ದರೂ ಸುಮ್ನೆ.

ಇರುಳುಹಕ್ಕಿ:

ಎಲ್ಲರಿಗೂ ಮತ್ತೆ ಧನ್ಯವಾದ. ಹಿಂಬದಿ ಬಟನ್ ಇರುವುದನ್ನೇ ತಗೊಳ್ಳುತ್ತೇನೆ, ಗೇರ್ ವಿಷಯ ಕೇಳಿ ಮನಸ್ಸು ಅಲ್ಲೇ ನಿಂತಿತು. ಹಳೆಯದನ್ನು ಎಸೆಯಲು ಮನಸ್ಸಿಲ್ಲ. ಬಲ ಸ್ಟಿಕ್, ಬಟನ್ ಎಲ್ಲ ಚೆನ್ನಾಗಿದೆ, ತಮ್ಮ ಬಂದಾಗ ಇಬ್ಬರೂ ಫುಟ್‌ಬಾಲ್ ಆಡಬಹುದು. ಎಡ ಸ್ಟಿಕ್ ಒಂದನ್ನೇ ಬದಲಿಸಬಹುದಾ?

ಬೆಸುಗೆಕಡ್ಡಿ:

ಬದಲಿಸಬಹುದು. ಆದರೆ ಮೊದಲ ಬೆಸುಗೆ ಕೆಲಸ ಇದಾಗುವುದು ಬೇಡ. ಒಂದು ಸ್ಟಿಕ್ ಪೆಟ್ಟಿಗೆಗೆ 14 ಕಾಲುಗಳಿರುತ್ತವೆ, ಎಲ್ಲದರ ಬೆಸುಗೆ ಪೂರ್ತಿ ತೆಗೆದ ಮೇಲೇ ಅದು ಮೇಲೆ ಬರುವುದು. ಒಂದರಲ್ಲಿ ಉಳಿದಿರುವಾಗ ಎಳೆದರೆ ಬೋರ್ಡಿನ ತಾಮ್ರದ ಗೆರೆ ಕಿತ್ತು ಬರುತ್ತದೆ. ಕೆಟ್ಟುಹೋದ ಯಾವುದಾದರೂ ಬೋರ್ಡ್ ಇದ್ದರೆ ಅದರ ಮೇಲೆ ಎರಡು ದಿನ ಕೈ ಪಳಗಿಸಿ, ಇಲ್ಲ ಕೆಲಸ ಬಲ್ಲವರ ಕೈಗೆ ಕೊಡಿ. ಹಾಲ್ ಮಾಡ್ಯೂಲ್ ಹಾಕಿಸುವುದಾದರೆ ಆಮೇಲೆ ನಡುಬಿಂದು ಹೊಂದಿಸಬೇಕಾಗುತ್ತದೆ, ನಿಮ್ಮ ಮಾದರಿಗೆ ಅದು ಹೇಗೆ ಅಂತ ಮೊದಲೇ ಓದಿಕೊಳ್ಳಿ.

ನೀವೇ ಬಿಚ್ಚುವುದಾದರೆ ಸ್ಕ್ರೂ ತೆಗೆದ ತಕ್ಷಣ ಎರಡು ಹೋಳನ್ನು ದೂರ ಎಳೆಯಬೇಡಿ. ಒಳಗೆ ಬ್ಯಾಟರಿ ವೈರ್ ಮತ್ತು ಕಾಗದದಂಥ ತೆಳು ಪಟ್ಟಿ ಇರಬಹುದು. ಸ್ವಲ್ಪವೇ ತೆರೆದು, ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆದುಕೊಂಡು ಮುಂದೆ ಹೋಗಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.