ಸಹಾಯ ಬೇಕು: ನಿಜಾಮರ ಕಾಲದ ಉರ್ದು ಕಂದಾಯ ಪುಟ ಓದುವವರು (ಗಂಗಾವತಿ ಸುತ್ತ)

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಎಲ್ಲೆಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಯಿತು, ಯಾವ ಊರ ಪಕ್ಕ ಕ್ಯಾಂಪ್ (ವಲಸೆ ಬಂದ ರೈತರ ಹೊಸ ವಸತಿ) ಎದ್ದಿತು ಎಂದು ಗುರುತಿಸುತ್ತಿದ್ದೇವೆ. (ಆನೆಗುಂದಿ ಕಡೆ ವಿಜಯನಗರದ ಕಾಲುವೆ ಮೊದಲೇ ಇತ್ತು, ಅದು ಬೇರೆ ಲೆಕ್ಕ.) 1948ರ ಹಿಂದಿನ ಪುಟಗಳು ಶಿಕಸ್ತಾ (ಅವಸರದ ಕೂಡುಬರಹ) ಉರ್ದುವಿನಲ್ಲಿವೆ, ಓದಬಲ್ಲ ಹಿರಿಯರು ಇದ್ದರೆ ತಿಳಿಸಿ.

ತೊಡಕೆಲ್ಲ ಊರ ಹೆಸರಲ್ಲೇ. ಉರ್ದುವಿನಲ್ಲಿ ಳ ಇಲ್ಲ, ಹ್ರಸ್ವ ಸ್ವರ ಸಾಮಾನ್ಯವಾಗಿ ಬರೆಯುವುದಿಲ್ಲ. ಗುಮಾಸ್ತ ಅವಸರದಲ್ಲಿ ಚುಕ್ಕೆ ಬಿಟ್ಟರೆ ಪದದ ನಡುವಿನ ಬ, ತ, ನ ಮೂರೂ ಒಂದೇ ಗೆರೆ. ಹಳ್ಳಿ ಹೋಗಿ ಹಲ್ಲಿ! ಸರ್ವೆ ನಂಬರು, ಹಳ್ಳದ ಹೆಸರು, ಎಲ್ಲೆಯ ಊರು ತಾಳೆ ನೋಡಿಯೇ ತೀರ್ಮಾನಿಸಬೇಕು. ಪುಟದಲ್ಲಿರುವ ಫಸಲಿಗೆ (ಕಂದಾಯ ವರ್ಷಕ್ಕೆ) 590 ಕೂಡಿಸಿದರೆ ಇಸವಿ: 1357 ಅಂದ್ರೆ 1947-48.

ಮನೆಯಲ್ಲಿ ಹಳೇ ಪಟ್ಟಾ, ಪಾವತಿ ಇದ್ದರೆ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ಬದಿಯ ಫೋಟೊ ಕಳಿಸಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡ್ರಿ, ಆಮೇಲೆ ಬಿಡಿಸೋಕಾಗಲ್ಲ.