ಶೀನಿಯ ಬಯೋಡೇಟಾ

ಗಾಂಧಿ ಬಜಾರಿನ ದರ್ಶಿನಿಯಲ್ಲಿ ಕೂರೋಕೆ ಜಾಗವಿಲ್ಲ, ಹರಟೆಯೆಲ್ಲ ನಿಂತೇ ಆಗಬೇಕು. ಶೀನಿಗೆ ಕನ್ನಡ ವಿಕಿಪೀಡಿಯ ಸೇರುವ ಹುರುಪು. ಅಲ್ಲಿಯವರಿಗೆ ತನ್ನ ಪರಿಚಯ ಹೇಳಿಕೊಳ್ಳೋಕೆ ಒಂದು ಹಾಳೆ ತುಂಬ ಬರೆದುಕೊಂಡು ಬಂದಿದ್ದ. ಪದ್ಮಕ್ಕ, ಮೂರ್ತಿ ಇಬ್ಬರೂ ಅಲ್ಲಿ ಪಳಗಿದ ಕೈಗಳು.

"ಓದ್ತೀನಿ ಕೇಳಿ. ಹೆಸರು ಶ್ರೀನಿವಾಸ. ಎತ್ತರ ಐದಡಿ ಏಳಿಂಚು. ಗೋತ್ರ..."

"ಲೋ, ಹೆಣ್ಣು ನೋಡೋಕೆ ಹೊರಟಿದೀಯೋ, ಲೇಖನ ತಿದ್ದೋಕೆ ಹೊರಟಿದೀಯೋ?" ಅಂದ ಮೂರ್ತಿ.

"ವಿವರ ಇದ್ರೆ ನಂಬಿಕೆ ಬರುತ್ತೆ ಕಣೋ. ಕೆಳಗೆ ಮೊಬೈಲ್ ನಂಬರು, ಮನೆ ವಿಳಾಸ, ಹುಟ್ಟಿದ ತಾರೀಕು ಎಲ್ಲಾ ಹಾಕಿದೀನಿ."

ಪದ್ಮಕ್ಕ ಪೆನ್ನು ತೆಗೆದು ಮೂರೂ ಸಾಲು ಹೊಡೆದು ಹಾಕಿದರು.

"ಬೇಡ ಅನ್ನಿಸಿದ್ರೆ ಆಮೇಲೆ ಅಳಿಸಿದ್ರಾಯ್ತಲ್ಲ ಅಕ್ಕ?"

"ಅಳಿಸಿದ್ರೆ ಪುಟದಿಂದ ಹೋಗುತ್ತೆ, ಪುಟದ ಇತಿಹಾಸದಿಂದ ಹೋಗಲ್ಲ. ಹಳೇ ಆವೃತ್ತಿಗಳೆಲ್ಲ ಅಲ್ಲೇ ಕೂತಿರ್ತವೆ, ಯಾರು ಬೇಕಾದ್ರೂ ತೆಗೆದು ನೋಡಬಹುದು. ನಿರ್ವಾಹಕರ ಹತ್ರ ಕೇಳಿಕೊಂಡು ಮರೆಮಾಡಿಸಬೇಕು. ಅದರ ಬದಲು ಖಾತೆ ತೆರೆಯುವಾಗ ಇಮೇಲ್ ಕೊಟ್ಟುಬಿಡು. ನಿನ್ನ ಪುಟದಲ್ಲಿರೋ ಕೊಂಡಿಯಿಂದ ಬೇರೆಯವರು ನಿಂಗೆ ಬರೀಬಹುದು, ವಿಳಾಸ ಅವರಿಗೆ ಕಾಣಲ್ಲ. ನೀನು ಉತ್ತರ ಕೊಟ್ಟಾಗ ಮಾತ್ರ ಕಾಣುತ್ತೆ. ಪಾಸ್‌ವರ್ಡ್ ಮರೆತಾಗಲೂ ಆ ಇಮೇಲೇ ಗತಿ."

"ಖಾತೆ ಹೆಸರು ಏನಿಡ್ತೀಯ?" ಮೂರ್ತಿ ಕೇಳಿದ.

"ಮಾವನ ಜವಳಿ ಅಂಗಡಿ ಹೆಸರು. ಸೇವೆ ಮಾಡಿದಂಗೂ ಆಯ್ತು, ಪುಕ್ಕಟೆ ಪ್ರಚಾರವೂ ಆಯ್ತು."

"ಖಾತೆ ತಡೆದುಬಿಡ್ತಾರೆ ಅಷ್ಟೆ. ಖಾತೆ ಒಬ್ಬ ಮನುಷ್ಯಂದು, ಅಂಗಡಿದಲ್ಲ. ಕನ್ನಡ ಲಿಪಿಯಲ್ಲೇ ಹೆಸರಿಡು, ನಡಿಯುತ್ತೆ. ಅದೇ ಖಾತೆ ಫೋಟೋ ಹಾಕೋ ಕಾಮನ್ಸ್‌ಗೂ, ಹಳೇ ಪುಸ್ತಕಗಳ ವಿಕಿಸೋರ್ಸ್‌ಗೂ ಆಗುತ್ತೆ. ಇನ್ನೊಂದು ಮಾತು. ಅಂಗಡಿ ಬಗ್ಗೆ ಬರಿ ಅಂತ ಮಾವ ದುಡ್ಡು ಕೊಟ್ರೆ, ಯಾರು ಕೊಟ್ರು, ಯಾರಿಗೋಸ್ಕರ ಅಂತ ನಿನ್ನ ಪುಟದಲ್ಲೋ, ಲೇಖನದ ಚರ್ಚೆ ಪುಟದಲ್ಲೋ, ತಿದ್ದುಪಡಿಯ ಸಾರಾಂಶದಲ್ಲೋ ಘೋಷಿಸಬೇಕು. ಅದು ಬಳಕೆಯ ಷರತ್ತು."

"ಮಾವ ಕೊಡಲ್ಲ ಬಿಡು," ಅಂದ ಶೀನಿ, ಆ ವಿಷಯದಲ್ಲಿ ಮಾತ್ರ ಪೂರ್ತಿ ಖಾತ್ರಿಯಿಂದ.

"ಮೊದಲು ಈ ಹಾಳೆ ಎಲ್ಲಿ ಅಂಟಿಸ್ತೀಯ ಹೇಳು," ಪದ್ಮಕ್ಕ ಕೇಳಿದರು.

"ಹುಡುಕೋ ಪೆಟ್ಟಿಗೆಲಿ ನನ್ನ ಹೆಸರು ಹೊಡೀತೀನಿ. ಅಂಥ ಪುಟ ಇಲ್ಲ, ಸೃಷ್ಟಿಸ್ತೀರಾ ಅನ್ನುತ್ತೆ. ಸೃಷ್ಟಿಸ್ತೀನಿ."

"ಆಗ ನೀನು ವಿಶ್ವಕೋಶದ ಲೇಖನ ಆಗ್ತೀಯ! ನಿನ್ನ ಬಗ್ಗೆ ಬೇರೆಯವರು ಬರೆದ ಉಲ್ಲೇಖ ಎಲ್ಲಿ? ಲೇಖನ ಅಳಿಸ್ತಾರೆ, 'ನನ್ನನ್ನೇ ಅಳಿಸಿದ್ರು' ಅಂತ ನೀನು ಮುನಿಸಿಕೊಂಡು ಕೂರ್ತೀಯ. ಹೊಸಬರು ಜಾರೋದೇ ಇಲ್ಲಿ. ಲಾಗಿನ್ ಆದ ಮೇಲೆ ನಿನ್ನ ಹೆಸರು ಕೆಂಪಗೆ ಕಾಣುತ್ತೆ, ಪುಟ ಇನ್ನೂ ಇಲ್ಲ ಅಂತ. ಅದರ ಮೇಲೆ ಒತ್ತು. ಶೀರ್ಷಿಕೆ 'ಸದಸ್ಯ:' ಅಂತ ಶುರುವಾಗಿದ್ರೆ ಅದು ನಿನ್ನ ಜಾಗ, ಅಲ್ಲಿ ಪರಿಚಯ ಬರಿ."

"ಪ್ರತಿ ಪ್ಯಾರಾ ಮುಂದೆ ಒಂದು ಜಾಗ ಬಿಟ್ಟು ಅಚ್ಚುಕಟ್ಟಾಗಿ ಬರೀತೀನಿ."

ಮೂರ್ತಿ ಹಣೆ ಚಚ್ಚಿಕೊಂಡ. "ಆಕರದಲ್ಲಿ, ಅಂದ್ರೆ ಪುಟದ ಹಿಂದಿರೋ ಮೂಲ ಪಠ್ಯದಲ್ಲಿ, ತಿದ್ದುವಾಗ ಸಾಲಿನ ಮೊದಲಲ್ಲಿ ಸ್ಪೇಸ್ ಹೊಡೆದ್ಯೋ, ಆ ಸಾಲು ಒಂದು ಪೆಟ್ಟಿಗೆಯೊಳಗೆ ಸೇರ್ಕೊಂಡು ಟೈಪ್‌ರೈಟರ್ ಅಕ್ಷರದಲ್ಲಿ ಪರದೆ ದಾಟಿ ಓಡುತ್ತೆ. ಜಾಗ ಬಿಡಬೇಡ. ಹೊಸ ಪ್ಯಾರಾ ಬೇಕಂದ್ರೆ ನಡುವೆ ಒಂದು ಖಾಲಿ ಸಾಲು ಬಿಡು. ಒಂದೇ ಸಲ ಎಂಟರ್ ಒತ್ತಿದ್ರೆ ಎರಡೂ ಅಂಟಿಕೊಳ್ತವೆ. 'ಮುನ್ನೋಟ' ನೋಡಿ ಆಮೇಲೆ ಉಳಿಸು."

"ಇರಲಿ, ಹವ್ಯಾಸದ ಭಾಗ ಕೇಳಿ. ಓದುವುದು, ಸಂಗೀತ ಕೇಳುವುದು, ಪ್ರವಾಸ, ಸಮಾಜಸೇವೆ."

"ಇದನ್ನ ಓದಿ ನಿಂಗೆ ಯಾರಾದ್ರೂ ಏನು ಕೆಲಸ ಹೇಳಬಹುದು?" ಪದ್ಮಕ್ಕ ಕೇಳಿದರು. ಶೀನಿ ವಡೆ ನೋಡಿದ.

"ಹೇಳೋಕಾಗಲ್ಲ ಅಲ್ವಾ? ಏನು ಓದ್ತೀಯ ನೀನು?"

"ಅಜ್ಜನ ಕಪಾಟಿನ ಹಳೇ ಪುಸ್ತಕ."

"ಹಾಗೇ ಬರಿ. 'ಹಳೇ ಮುದ್ರಣದ ಕನ್ನಡ ಸಲೀಸಾಗಿ ಓದಬಲ್ಲೆ, ವಿಕಿಸೋರ್ಸ್‌ನಲ್ಲಿ ವಾರಕ್ಕೆ ಐದು ಪುಟ ಕರಡು ತಿದ್ದಬಲ್ಲೆ.' ಇದು ಪರಿಚಯ. ಸ್ಕ್ಯಾನ್ ಪುಟದಿಂದ ಯಂತ್ರ ಓದಿ ಕೊಟ್ಟ ಪಠ್ಯದಲ್ಲಿ ಒತ್ತಕ್ಷರ ಎಗರಿಹೋಗಿರುತ್ತೆ, ಸೊನ್ನೆಯೂ ಅನುಸ್ವಾರವೂ ಅದಲುಬದಲಾಗಿರ್ತವೆ. ಅದಕ್ಕೆ ಮನುಷ್ಯನ ಕಣ್ಣೇ ಬೇಕು. ನೀನು ತಿದ್ದಿದ ಪುಟ ಹಳದಿಗೆ ತಿರುಗುತ್ತೆ. ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಹಸಿರು."

"ಹಸಿರೂ ನಾನೇ ಮಾಡ್ಕೋತೀನಿ."

"ಬಿಡಲ್ಲ. ತಿದ್ದಿದವನೇ ಒಪ್ಪಿಗೆ ಕೊಡೋ ಹಾಗಿಲ್ಲ."

"ಕಪಾಟನ್ನೇ ಪೂರ್ತಿ ಸ್ಕ್ಯಾನ್ ಮಾಡಿ ಹಾಕ್ಲಾ ಹಾಗಾದ್ರೆ?"

"ತಡಿ ಮಾರಾಯ," ಅಂದ ಮೂರ್ತಿ. "ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯದ ಹಕ್ಕು ಇರುತ್ತೆ. ಪುಸ್ತಕ ಹಳೇದೋ ಅಲ್ವೋ ಅನ್ನೋದಲ್ಲ ಲೆಕ್ಕ. ಹರೆಯದಲ್ಲಿ ಬರೆದು ನೂರು ವರ್ಷ ಬದುಕಿದವರಿದ್ರೆ ಗೆದ್ದಲು ಹಿಡಿದ ಪುಸ್ತಕಕ್ಕೂ ಹಕ್ಕಿರುತ್ತೆ."

ಪ್ರವಾಸವನ್ನೂ ಹಾಗೇ ಹಿಂಡಿದರು. ಹಿಂಡಿದಾಗ ಉಳಿದದ್ದು ಬಸವನಗುಡಿ ಸುತ್ತ ಎರಡು ಮೈಲಿ. "ಸಾಕು," ಅಂದರು ಪದ್ಮಕ್ಕ. "'ಕಾರ್ತೀಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ಇರ್ತೀನಿ, ಫೋಟೋ ಬೇಕಾದವರು ಹೇಳಿ' ಅಂತ ಬರಿ. ನೋಡ್ತಿರು, ರಾಶಿ ಮಾತ್ರ ಬೇಡ, ತೂಕ ಮಾಡೋ ಕೈ, ಸೇರು, ಬೇರೆ ಬೇರೆ ತಳಿ ಬಿಡಿಬಿಡಿಯಾಗಿ ತೆಗಿ ಅಂತ ಪಟ್ಟಿನೇ ಬರಬಹುದು."

"ನನ್ನ ಫೋಟೋನೂ ಹಾಕ್ತೀನಿ. ಮೂರ್ತಿ ತೆಗೆದಿದ್ದು ಚೆನ್ನಾಗಿ ಬಂದಿದೆ."

"ಮುಖ ನಿಂದಾದ್ರೂ ಫೋಟೋ ನಂದು ಕಣೋ! 'ಸ್ವಂತ ಕೃತಿ' ಅಂತ ನೀನು ಹಾಕೋ ಹಾಗಿಲ್ಲ. ಯಾರು ಬೇಕಾದ್ರೂ ಬಳಸಬಹುದು ಅನ್ನೋ ಮುಕ್ತ ಪರವಾನಗಿ ನಾನೇ ಕೊಟ್ಟು ಏರಿಸಬೇಕು. ಅದಕ್ಕೆ ಇವತ್ತಿನ ಕಾಫಿ ನಿಂದು. ಇಲ್ಲಾಂದ್ರೆ ಸೆಲ್ಫಿ ಹಾಕ್ಕೋ."

ಭಾಷೆಯ ಪಟ್ಟಿಗೆ ಬಂದಾಗ ಶೀನಿ ಸಂಸ್ಕೃತಕ್ಕೂ ನಾಲ್ಕು ಕೊಟ್ಟುಕೊಂಡಿದ್ದ. ಯಾವ ಭಾಷೆ ಎಷ್ಟು ಬರುತ್ತೆ ಅಂತ ಸದಸ್ಯರು ಅಂಕಿಯಲ್ಲಿ ತೋರಿಸೋ ಬೇಬಲ್ ಪಟ್ಟಿಯಲ್ಲಿ ನಾಲ್ಕು ಅಂದರೆ ಮಾತೃಭಾಷೆಯ ಹತ್ತಿರ ಹತ್ತಿರ, ಒಂದು ಅಂದರೆ ಅಲ್ಪಸ್ವಲ್ಪ ಅಂತ ತಿಳಿದ ಮೇಲೆ ಒಂದಕ್ಕಿಳಿದ. ಮೂರ್ತಿ ಒಂದು ಶ್ಲೋಕ ಹೇಳಿ ಅರ್ಥ ಕೇಳಿದ ಮೇಲೆ ಸೊನ್ನೆಗೂ ಇಳಿದ.

"ಪುಟ ಆದ ಮೇಲೆ ಅರಳಿಕಟ್ಟೆಗೆ ಹೋಗು," ಪದ್ಮಕ್ಕ ಹೇಳಿದರು. "ಎಲ್ಲರೂ ಸೇರಿ ಚರ್ಚೆ ಮಾಡೋ ಪುಟ ಅದು. ಪುಟದ ಆಕರ ತೆರೆದು ಕೊನೆಯಲ್ಲಿ ಎರಡೇ ಸಾಲು ಬರಿ. ನಾನು ಇಂಥವನು, ಈ ಕೆಲಸ ಶುರು ಮಾಡ್ತೀನಿ, ಇಲ್ಲಿ ಸಂಶಯ ಇದೆ ಅಂತ. ಕೊನೆಗೆ ನಾಲ್ಕು ಟಿಲ್ಡ ಹಾಕು, ~~~~ ಹೀಗೆ. ಉಳಿಸಿದಾಗ ಅದೇ ನಿನ್ನ ಹೆಸರು, ಸಮಯ, ತಾರೀಕು ಆಗುತ್ತೆ."

ಶೀನಿ ಲ್ಯಾಪ್‌ಟಾಪ್ ತೆರೆದು ಅಲ್ಲೇ ಬರೆದ. ಕೆಲಸ, ಪುಟಗಳ ಲೆಕ್ಕ, ಸಂಶಯ ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ ಮಾತ್ರ 'ಒಒಒಒ' ಅಂತಿತ್ತು.

"ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಹಾಕಿದೀಯ," ಅಂದ ಮೂರ್ತಿ. "ಟಿಲ್ಡದ ಕೀಲಿ ಅದರಲ್ಲಿ 'ಒ' ಕೊಡುತ್ತೆ. ಇಂಗ್ಲಿಷಿಗೆ ಬದಲಾಯಿಸಿ ಒತ್ತು."

ಶೀನಿ ಬದಲಾಯಿಸಿ, ಎಣಿಸದೆ ಒತ್ತಿ, ಪ್ರಕಟಿಸಿಯೇಬಿಟ್ಟ. ಪುಟದಲ್ಲಿ ಗಂಟೆ, ನಿಮಿಷ, ತಾರೀಕು ಅಚ್ಚುಕಟ್ಟಾಗಿ ಬಂತು. ಹೆಸರೇ ಇಲ್ಲ.

"ಐದು ಹಾಕಿದೀಯ," ಅಂದರು ಪದ್ಮಕ್ಕ. "ಮೂರಕ್ಕೆ ಬರೀ ಹೆಸರು, ಐದಕ್ಕೆ ಬರೀ ಸಮಯ. ಇಷ್ಟು ಹೊತ್ತಿಗೆ ಯಾರೋ ಒಬ್ಬರು ಬಂದಿದ್ರು ಅಂತ ಎಲ್ಲರಿಗೂ ಗೊತ್ತಾಯ್ತು."